ಅಮೆರಿಕ ಸಾಬ್ರ ಹರಾಜು

ಅಂಗಿಯ ತೋಳನ್ನು ಮೊಣಕೈ ದಾಟಿಸಿ ಮಡಚಿ, ಶೇಂಗಾ ಚೀಲಗಳ ಅಟ್ಟಿಯ ಮೇಲೆ ಹತ್ತಿ ನಿಂತು, ಎರಡೂ ಕೈ ತಲೆಗಿಂತ ಮೇಲಕ್ಕೆತ್ತಿ ಚಾಚಾ ಹರಾಜು ಕೂಗಲು ಶುರು ಮಾಡಿದರೆಂದರೆ ಕತ್ತಿನ ನರಗಳು ಬಾವಿ ಹಗ್ಗದ ಹಾಗೆ ಬಿಗಿದು ನಿಲ್ಲುತ್ತಿದ್ದವು. ಹುಬ್ಬಿನ ಮೇಲೆ, ಮೆಹಂದಿ ಹಚ್ಚಿದ ಗಡ್ಡದ ಮೇಲೆ, ಕಿವಿಯ ಸಂದಿಯಲ್ಲೆಲ್ಲ ಶೇಂಗಾ ಸಿಪ್ಪೆಯ ಕೆಂಪು ಧೂಳು. ಚಳ್ಳಕೆರೆಯ ಗಂಡಸಿನ ಹೆಗಲ ಮೇಲೆ ಟವೆಲ್ ಇಲ್ಲದೆ ಇರುವುದುಂಟೇ? ಇವರ ಹೆಗಲ ಮೇಲೆ ಇರುತ್ತಿರಲಿಲ್ಲ. ಬೆವರು ಬಂದರೆ ಅಂಗಿಯ ಚುಂಗಿನಲ್ಲೇ ಒರೆಸಿಕೊಳ್ಳುತ್ತಿದ್ದರು. ಅವರ ಹೆಂಡತಿ ಚಾಚಿ ಆ ಅಂಗಿ ಒಗೆಯುವಾಗ ಪ್ರತಿಸಲವೂ ಗೊಣಗುತ್ತಿದ್ದರು.

ಟವೆಲ್ ಕಂಡರೆ ಈ ಮನುಷ್ಯನಿಗೆ ಯಾಕೆ ಅಷ್ಟು ಸಿಟ್ಟು ಅಂತ ತಿಳಿಯಬೇಕಾದರೆ ಮಿಲ್ಲು ಬೀದಿಯ ವ್ಯಾಪಾರ ಗೊತ್ತಿರಬೇಕು. ಸರ್ಕಾರಿ ಮಾರುಕಟ್ಟೆಯ ಮಾತು ಬೇರೆ. ನಾನು ಹೇಳುತ್ತಿರುವುದು ಎಣ್ಣೆ ಮಿಲ್ಲುಗಳ ಎದುರಿನ ಖಾಸಗಿ ಮಂಡಿಗಳ ಸಂಗತಿ. ಅಲ್ಲಿ ಹಿಂದಿನಿಂದ ನಡೆದುಬಂದದ್ದು ಟವೆಲ್ ವ್ಯಾಪಾರ. ರೈತ ಚೀಲ ಇಳಿಸುತ್ತಾನೆ. ಮಿಲ್ಲಿನವರೂ ದಲ್ಲಾಳಿಯೂ ಎದುರುಬದುರು ನಿಂತು ಕೈ ಕೈ ಹಿಡಿದು ಮೇಲೊಂದು ಟವೆಲ್ ಹೊದಿಸುತ್ತಾರೆ. ಒಳಗೆ ಬೆರಳುಗಳ ಮಾತು: ಇಷ್ಟು ಬೆರಳು ಹಿಡಿದರೆ ಇಷ್ಟು ನೂರು, ಗಿಣ್ಣು ಒತ್ತಿದರೆ ಅದರ ಅರ್ಧ. ಹೊರಗೆ ಮುಖ ಮಾತ್ರ ಮದುವೆ ಊಟಕ್ಕೆ ಬಂದವರ ಮುಖ. ಎಲ್ಲ ಮುಗಿದ ಮೇಲೆ ರೈತನಿಗೆ ಇಂತಿಷ್ಟು ಅಂತ ಹೇಳುತ್ತಾರೆ. ಒಳಗೆ ಆಗಿದ್ದೆಷ್ಟು, ತನಗೆ ಹೇಳಿದ್ದೆಷ್ಟು, ಅವನಿಗೆ ತಿಳಿಯುವ ದಾರಿಯೇ ಇಲ್ಲ.

ಚಾಚಾನ ತಂದೆಯೂ ಇದೇ ದಲ್ಲಾಳಿ ಕೆಲಸದವರು. ಇವರೂ ವಯಸ್ಸಿಗೆ ಬಂದಾಗಿನಿಂದ ಟವೆಲಿನೊಳಗೆ ಕೈ ಇಟ್ಟವರೇ. ಒಂದು ಸಲ ಉಳ್ಳಾರ್ತಿ ಕಾವಲ್ ಎನ್ನುವ ಹುಲ್ಲುಗಾವಲಿನ ಕಡೆಯ ಒಬ್ಬ ಮುದುಕಿ ತನ್ನ ನಾಲ್ಕು ಚೀಲ ಶೇಂಗಾ ತಂದು, ಅಲುಗಾಡುತ್ತಿದ್ದ ಟವೆಲನ್ನೇ ನೋಡುತ್ತಾ ನಿಂತಿದ್ದವಳು, "ಏನಪ್ಪಾ, ನನ್ನ ಕಾಯಿಗೆ ಅದರೊಳಗೆ ಏನ್ ಮಾಡ್ತಾ ಇದೀರಿ?" ಅಂದಳಂತೆ. ಇಡೀ ಮಂಡಿ ನಕ್ಕಿತು. ಇವರೂ ನಕ್ಕರು. ಆದರೆ ಮನೆಗೆ ಬಂದು ಊಟಕ್ಕೆ ಕೂತರೆ ತುತ್ತು ಇಳಿಯಲಿಲ್ಲ ಎಂದು ನನ್ನ ಹತ್ತಿರ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಅದೇ ವರ್ಷ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಖಾರ ಮಂಡಕ್ಕಿ ಕಟ್ಟಿಕೊಟ್ಟ ಇಂಗ್ಲಿಷ್ ಪತ್ರಿಕೆಯ ಹಾಳೆಯಲ್ಲಿ ಅವರಿಗೊಂದು ಚಿತ್ರ ಸಿಕ್ಕಿತು. ಷಿಕಾಗೋ ಅನ್ನುವ ಊರಿನ ಧಾನ್ಯದ ಹರಾಜಿನ ಸಭಾಂಗಣ. ಬಣ್ಣಬಣ್ಣದ ಕೋಟು ಹಾಕಿಕೊಂಡ ನೂರಾರು ಜನ, ಎಲ್ಲರ ಬಾಯಿಯೂ ತೆರೆದಿದೆ, ಎಲ್ಲರ ಕೈಯೂ ಮೇಲಿದೆ. ಯಾರ ಕೈಯ ಮೇಲೂ ಬಟ್ಟೆ ಇಲ್ಲ! ಎಣ್ಣೆ ಕಲೆಯ ಆ ಹಾಳೆಗೆ ಕಟ್ಟು ಹಾಕಿಸಿ ಮಂಡಿಯಲ್ಲಿ ತಮ್ಮ ಗಾದಿಯ ಮೇಲೆ ತೂಗುಹಾಕಿದರು. ಮರುಸುಗ್ಗಿಗೆ ತೋಳು ಮಡಚಿ ಚೀಲದ ಮೇಲೆ ಹತ್ತಿದರು. ನನ್ನ ಮಂಡಿಯಲ್ಲಿ ಇನ್ನು ರೇಟು ಬಾಯಲ್ಲೇ ಆಗಬೇಕು, ರೈತನ ಕಿವಿಗೆ ಬೀಳುವ ಹಾಗೆ ಆಗಬೇಕು, ಖುಲ್ಲಂಖುಲ್ಲಾ, ಎಂದರು. ಯಾಕೆ ಸಾಬ್ರೇ ಅಂತ ಕೇಳಿದವರಿಗೆಲ್ಲ ಚಿತ್ರ ತೋರಿಸಿ ಅಮೆರಿಕದಲ್ಲಿ ಹೀಗೇ ಎನ್ನುತ್ತಿದ್ದರು. ಊರು ಅವರಿಗೆ ಅಮೆರಿಕ ಸಾಬ್ರು ಎಂದು ಹೆಸರಿಟ್ಟಿತು. ಗೇಲಿಗೆ ಇಟ್ಟ ಹೆಸರು, ಆದರೆ ಅವರು ಅದನ್ನು ಬಿರುದಿನ ಹಾಗೆ ತೊಟ್ಟುಕೊಂಡರು. ರೈತರೇನು ದಡ್ಡರೇ? ಒಬ್ಬರ ಹಿಂದೊಬ್ಬರು ಇವರ ಮಂಡಿಗೇ ಬರತೊಡಗಿದರು. ಬೇರೆ ದಲ್ಲಾಳಿಗಳೂ ಬೇರೆ ದಾರಿಯಿಲ್ಲದೆ ಕೂಗಲು ಕಲಿತರು. ಮೂರು ನಾಲ್ಕು ವರ್ಷದಲ್ಲಿ ಮಿಲ್ಲು ಬೀದಿಯಲ್ಲಿ ಟವೆಲ್ ಬೆವರು ಒರೆಸುವುದಕ್ಕೆ ಮಾತ್ರ ಉಳಿಯಿತು.

ನಾನು ಅವರ ಮನೆಗೆ ಬಾಡಿಗೆಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಮೊಳಕಾಲ್ಮೂರಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಪಾಠ, ಚಳ್ಳಕೆರೆಯಲ್ಲಿ ವಾಸ, ನಡುವೆ ಖಾಸಗಿ ಬಸ್ಸಿನ ಓಡಾಟ ಎಂದು ನನ್ನ ಲೆಕ್ಕಾಚಾರ. ಒಂಟಿ ಹೆಂಗಸಿಗೆ ಮನೆ ಕೊಡುವವರ ಪ್ರಶ್ನೆಗಳನ್ನು ಅನುಭವಿಸಿದವರೇ ಬಲ್ಲರು. ಗಂಡ ಎಲ್ಲಿ, ಜಾತಿ ಯಾವುದು, ಅಡುಗೆಗೆ ಏನೇನು ಹಾಕ್ತೀರಿ. ಕೇಳಿ ಕೇಳಿ ನನಗೆ ಮೈಯೆಲ್ಲ ಉರಿದು ಹೋಗಿತ್ತು. ಚಾಚಾ ಕೇಳಿದ್ದು ಒಂದೇ, ಏನು ಪಾಠ ಮಾಡ್ತೀರಿ ಎಂದು. ರಾಜ್ಯಶಾಸ್ತ್ರ ಅಂದೆ. "ಅದರಾಗೆ ಅಮೆರಿಕ ಐತಾ?" ಅಂದರು. ಡಿಗ್ರಿಯವರಿಗೆ ಅಮೆರಿಕದ ಸಂವಿಧಾನದ್ದೇ ಅರ್ಧ ಪೇಪರ್ ಇದೆ ಎಂದದ್ದೇ ತಡ, ಮಹಡಿಯ ಕೋಣೆಯ ಬೀಗದ ಕೈ ನನ್ನ ಕೈಯಲ್ಲಿತ್ತು. ಬಾಡಿಗೆ ಎಷ್ಟು ಎನ್ನುವುದನ್ನು ಆಮೇಲೆ ಚಾಚಿಯೇ ಹೇಳಬೇಕಾಯಿತು.

ಅಂದಿನಿಂದ ನನಗೆ ಸಂಜೆಯ ಕೆಲಸವೊಂದು ಗಂಟುಬಿತ್ತು. ಬಸ್ಸಿಳಿದು ಮುಖ ತೊಳೆಯುವಷ್ಟರಲ್ಲಿ ಕೆಳಗಿನಿಂದ "ಟೀಚರಮ್ಮಾ, ಚಾಯ್" ಎನ್ನುವ ಕೂಗು. ಕೂಗಿದ್ದು ಚಾಯ್‌ಗೆ, ಕೊಡುತ್ತಿದ್ದದ್ದು ಅಮೆರಿಕ. ಅವರ ಹತ್ತಿರ ಒಂದು ಹಳೇ ಶಾರ್ಟ್‌ವೇವ್ ರೇಡಿಯೊ ಇತ್ತು. ಅಮೆರಿಕದವರೇ ಉರ್ದುವಿನಲ್ಲಿ ಓದುತ್ತಿದ್ದ ವಾರ್ತೆ ಅದರಲ್ಲಿ ಗೊರಗೊರ ಬರುತ್ತಿತ್ತು. ಇವರು ಆ ದೇಶದ ಸೆನೆಟ್, ಬಜೆಟ್ಟು, ಅಧ್ಯಕ್ಷನ ಪ್ರೇಮ ಪ್ರಕರಣ ಎಲ್ಲವನ್ನೂ ಉರ್ದುವಿನಲ್ಲಿ ಕೇಳಿ ಕನ್ನಡದಲ್ಲಿ ನನ್ನ ಜೊತೆ ಜಗಳಕ್ಕೆ ಬರುತ್ತಿದ್ದರು. ಅರ್ಧದಷ್ಟು ತಪ್ಪೇ ಇರುತ್ತಿತ್ತು. ಸೆನೆಟ್ಟಿಗೂ ಸುಪ್ರೀಂ ಕೋರ್ಟಿಗೂ ವ್ಯತ್ಯಾಸ ತಿಳಿಸುವುದರಲ್ಲಿ ನನಗೆ ಒಂದು ಇಡೀ ಬೇಸಿಗೆ ಹೋಯಿತು. ಆದರೂ ಒಪ್ಪುವ ಮನುಷ್ಯನಲ್ಲ. ನಾನು ಪುಸ್ತಕ ತಂದು ತೋರಿಸಿದರೆ, ಪುಸ್ತಕ ಹಳೇದು ಟೀಚರಮ್ಮ, ರೇಡಿಯೊ ಇವತ್ತಿಂದು ಎನ್ನುತ್ತಿದ್ದರು.

ಒಮ್ಮೆ ಅವರನ್ನು ನನ್ನ ತರಗತಿಗೇ ಕರೆದೊಯ್ದೆ. ದಾರಿಯಲ್ಲಿ ಸಿಗುವ ಹಾನಗಲ್ ಎನ್ನುವ ಹಳ್ಳಿ ದಾಟುವವರೆಗೂ ಬಸ್ಸಿನ ಕಿಟಕಿಗೆ ಮೈಕೊಟ್ಟು ಒಳ್ಳೇ ಮದುಮಗನ ಗತ್ತಿನಲ್ಲಿ ಕೂತಿದ್ದರು. ಅತ್ತ ಬ್ರಹ್ಮಗಿರಿಯಲ್ಲಿ ಅಶೋಕ ಬಂಡೆಯ ಮೇಲೆ ಶಾಸನ ಬರೆಸಿದ್ದಾನೆ ಎಂದು ನಾನು ಹೇಳಿದಾಗ, ಒಳ್ಳೇ ಕೆಲಸ, ರಾಜನಾದವನು ಹೇಳುವುದನ್ನು ಎಲ್ಲರಿಗೂ ಕಾಣುವ ಹಾಗೆ ಹೇಳಬೇಕು ಎಂದು ಅಶೋಕನಿಗೂ ಒಂದು ಸರ್ಟಿಫಿಕೇಟು ಕೊಟ್ಟರು. ತರಗತಿಯಲ್ಲಿ ಆಂಧ್ರದ ಗಡಿಯ ಹುಡುಗ ಹುಡುಗಿಯರೇ ಹೆಚ್ಚು, ಹಾಗಾಗಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತಾಡಿದರು. ಅಮೆರಿಕದ ಸಂವಿಧಾನವನ್ನು ನಾನು ಮೂರು ತಿಂಗಳು ಪಾಠ ಮಾಡುತ್ತಿದ್ದೆ. ಅವರು ಎರಡು ಮಾತಿನಲ್ಲಿ ಮುಗಿಸಿದರು. "ಅಲ್ಲಿ ಎಲೆಕ್ಷನ್‌ನಾಗೆ ಸೋತೋನು ಗೆದ್ದೋನಿಗೆ ಅವತ್ತೇ ಫೋನ್ ಮಾಡಿ ಶಭಾಷ್ ಅಂತಾನೆ. ಆ ಒಂದು ಫೋನ್ ನಿಂತ್ರೆ ಬಾಕಿ ಎಲ್ಲಾ ಬರೀ ಕಾಗದ." ಹುಡುಗರು ಚಪ್ಪಾಳೆ ತಟ್ಟಿದರು. ಪರೀಕ್ಷೆಯಲ್ಲಿ ಇದನ್ನೇ ಬರೆದು ಇಬ್ಬರು ಫೇಲಾದರು ಎನ್ನುವುದು ಬೇರೆ ವಿಷಯ.

ಆ ಹೊತ್ತಿಗಾಗಲೇ ಊರಿನ ಬೆಳಗಿನ ಸದ್ದು ಕಡಿಮೆಯಾಗತೊಡಗಿತ್ತು. ನಾನು ಬಂದ ಹೊಸತರಲ್ಲಿ ಮಿಲ್ಲುಗಳ ದಡದಡ ಕೇಳಿಯೇ ಎಚ್ಚರವಾಗುತ್ತಿತ್ತು, ಹಿಂಡಿಯ ಬಿಸಿ ವಾಸನೆ ಮಹಡಿಯವರೆಗೂ ಬರುತ್ತಿತ್ತು. ಹೊರದೇಶದ ತಾಳೆ ಎಣ್ಣೆ ಅಗ್ಗಕ್ಕೆ ಬರಲು ಸರ್ಕಾರ ಬಿಟ್ಟ ಮೇಲೆ ಒಂದೊಂದೇ ಮಿಲ್ಲು ಬೀಗ ಹಾಕಿತು. ಊರೆಲ್ಲ ಶಾಪ ಹಾಕುತ್ತಿದ್ದಾಗ ಚಾಚಾ ಒಬ್ಬರೇ, ಬರಲಿ ಬಿಡ್ರಿ, ಹೊರಗಿನ ಪೈಲ್ವಾನ್ ಬಂದರೆ ನಮ್ಮ ಹುಡುಗರೂ ಕಸರತ್ತು ಮಾಡ್ತಾರೆ ಎಂದು ವಾದಿಸುತ್ತಿದ್ದರು. ಬಾಗಿಲು ತೆರೆದಿದ್ದರೆ ಒಳ್ಳೆಯದು ಎನ್ನುವುದು ಅವರ ನಂಬಿಕೆ. ತೆರೆದ ಬಾಗಿಲಿನಿಂದ ಯಾರು ಬರುತ್ತಾರೆ ಎಂದು ಅವರು ಯೋಚಿಸಿರಲಿಲ್ಲ. ಕಸರತ್ತು ಮಾಡಬೇಕಾದ ಹುಡುಗರು ಮಿಲ್ಲಿನ ಯಂತ್ರವನ್ನು ಗುಜರಿಗೆ ಹಾಕಿದರು. ಹರಾಜಿಗೆ ಬರುವ ಕೊಳ್ಳುವವರು ಇಪ್ಪತ್ತು ಹೋಗಿ ಹತ್ತಾದರು, ಆಮೇಲೆ ಇನ್ನೂ ಕಮ್ಮಿಯಾದರು. ಎಲ್ಲರೆದುರು ಕೂಗುವ ವ್ಯಾಪಾರಕ್ಕೆ ಗಂಟಲುಗಳು ಬಹಳ ಬೇಕು. ನಾಲ್ಕೇ ಜನ ಉಳಿದರೆ ಅವರು ಮೊದಲೇ ಎಲ್ಲೋ ಕೂತು ಮಾತಾಡಿಕೊಂಡು ಬರುತ್ತಾರೆ. ಇಷ್ಟು ಸರಳ ಸಂಗತಿ ಯಾವ ಉದಾರವಾದಿಗೂ ಮೊದಲು ಹೊಳೆಯುವುದಿಲ್ಲ ನೋಡಿ, ಅದೇ ನನಗೆ ಸಿಟ್ಟು. ನಾನೂ ಆ ಗುಂಪಿನವಳೇ. ಮಾತು ಮುಕ್ತವಾಗಿದ್ದರೆ ಸಾಕು, ಮಿಕ್ಕಿದ್ದೆಲ್ಲ ತಾನೇ ಸರಿಹೋಗುತ್ತದೆ ಎಂದು ನಂಬಿದವಳು.

ಎರಡು ಸಾವಿರನೇ ಇಸವಿಯ ಅಮೆರಿಕದ ಆ ಚುನಾವಣೆ ಬಂತು. ಎಣಿಕೆಯ ದಿನ ಮಧ್ಯಾಹ್ನ, ನನಗೆ ರಜೆ, ರೇಡಿಯೊ ಹಿಡಿದುಕೊಂಡು ಚಾಚಾ ಮಹಡಿ ಮೆಟ್ಟಿಲ ಬುಡದಲ್ಲೇ ಕೂತಿದ್ದರು. ಸೋತವನು ಫೋನ್ ಮಾಡಿದ ಎಂದು ಕೂಗಿದರು. ನಾನು ಊಟ ಮುಗಿಸಿ ಇಳಿದು ಬಂದಾಗ ಅವರ ಮುಖ ಬೇರೆಯೇ ಆಗಿತ್ತು. ಅದೇ ಮನುಷ್ಯ ಮತ್ತೆ ಫೋನ್ ಮಾಡಿ, ಆಗ ಹೇಳಿದ್ದನ್ನು ವಾಪಸ್ ತಗೊಂಡೆ ಎಂದನಂತೆ. ಆಮೇಲೆ ಒಂದು ತಿಂಗಳಿಗೂ ಮೇಲೆ ಆ ದೇಶ ಓಟಿನ ಕಾಗದಗಳನ್ನು ಬೆಳಕಿಗೆ ಹಿಡಿದು ನೋಡುತ್ತಿತ್ತು. ಕಡೆಗೆ ಕೋರ್ಟು ಎಣಿಕೆ ನಿಲ್ಲಿಸಿತು. ಒಟ್ಟು ಓಟು ಕಡಿಮೆ ಬಂದವನು ಗದ್ದುಗೆ ಹತ್ತಿದ. ಅದು ಅವರ ಸಂವಿಧಾನದಲ್ಲೇ ಇದೆ ಚಾಚಾ, ರಾಜ್ಯವಾರು ಲೆಕ್ಕ ಎಂದು ನಾನು ಪಾಠ ಒಪ್ಪಿಸಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಗೆದ್ದವನು ಯಾರು ಎನ್ನುವುದು ಅವರಿಗೆ ಮುಖ್ಯವೇ ಆಗಿರಲಿಲ್ಲ. ಎಣಿಸುವುದನ್ನು ಯಾಕೆ ನಿಲ್ಲಿಸಿದರು, ಎಣಿಸುವುದನ್ನು ಯಾಕೆ ನಿಲ್ಲಿಸಿದರು ಎಂದು ಒಂದೇ ಮಾತನ್ನು ವಾರಗಟ್ಟಲೆ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಮಂಡಿಯಲ್ಲಿ ಮಿಲ್ಲಿನವರಿಗೆ ಒಳ್ಳೆಯ ತಮಾಷೆ ಸಿಕ್ಕಿತು. ಮೂರು ಸಲ ಕೂಗಿ ಹರಾಜು ಮುಗಿದ ಮೇಲೂ ನಮಗೆ ಬೇಡ ಅಂತಾರಂತಲ್ಲ ಸಾಬ್ರೇ ನಿಮ್ಮ ಅಮೆರಿಕದಾಗೆ, ನಾವೂ ಹಂಗೇ ಮಾಡೋಣ್ವಾ ಎಂದು ಕೆಣಕುತ್ತಿದ್ದರು.

ಮರುವರ್ಷ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಆ ಎರಡು ಗಗನಚುಂಬಿ ಕಟ್ಟಡ ಬಿದ್ದವು. ಮನೆಯ ಟಿವಿ ಮುಂದೆ ನಾನು, ಚಾಚಾ, ಚಾಚಿ ಮೂವರೂ ನಿಂತೇ ನೋಡಿದೆವು, ಕೂರಬೇಕು ಅನ್ನುವುದೇ ಹೊಳೆಯಲಿಲ್ಲ. ಚಾಚಿ ಬಾಯಿಗೆ ಸೆರಗು ಹಿಡಿದು ಅಳುತ್ತಿದ್ದರು. ಎಷ್ಟು ತಾಯಂದಿರು, ಎಷ್ಟು ತಾಯಂದಿರು ಅಂತ. ಚಾಚಾ ಅಳಲಿಲ್ಲ. "ಇನ್ನು ಆ ದೇಶ ಹೆದರ್ಕೊಂತದೆ ಟೀಚರಮ್ಮ. ಹೆದರ್ಕೊಂಡ ಮನುಷ್ಯಂಗೆ ಏನ್ ಬೇಕಾದ್ರೂ ಮಾರ್ಬೋದು" ಎಂದರು. ಅವರು ವ್ಯಾಪಾರದ ಮನುಷ್ಯ, ಅವರಿಗೆ ಹೆದರಿಕೆಯೂ ವ್ಯಾಪಾರದ ಭಾಷೆಯಲ್ಲೇ ಅರ್ಥವಾಗುತ್ತಿತ್ತು. ನನಗೆ ಆ ಮಾತು ಆವತ್ತು ಅಷ್ಟೊಂದು ಹಿಡಿಸಲಿಲ್ಲ. ಸತ್ತವರ ಬೂದಿ ಆರಿಲ್ಲ, ಇವರದೇನು ವ್ಯಾಪಾರದ ಮಾತು ಎಂದುಕೊಂಡೆ.

ಮಾರನೇ ದಿನ ಮಂಡಿಯಲ್ಲಿ ದೊಡ್ಡ ಮಿಲ್ಲಿನ ಯಜಮಾನರು ನಗುನಗುತ್ತಲೇ, ನಿಮ್ಮೋರೇ ನಿಮ್ಮ ಅಮೆರಿಕಾನ ಕೆಡವಿದ್ರಲ್ಲ ಸಾಬ್ರೇ, ಈಗ ಯಾರ ಕಡೆ ನೀವು ಎಂದರಂತೆ. ಈ ದೊಡ್ಡ ಮಿಲ್ಲೆಂದರೆ ಉಳಿದಿದ್ದ ನಾಲ್ಕರಲ್ಲಿ ದೊಡ್ಡದು. ಆ ಯಜಮಾನರಿಗೆ ಚಾಚಾನ ಹರಾಜಿನ ಮೇಲೆ ಮೊದಲಿನಿಂದಲೂ ಕೆಂಗಣ್ಣು. ಇಪ್ಪತ್ತು ವರ್ಷ ಜೊತೆಯಲ್ಲಿ ಚಾಯ್ ಕುಡಿದವರ ಬಾಯಲ್ಲಿ "ನಿಮ್ಮೋರು" ಎನ್ನುವ ಮಾತು ಬಂದಿದ್ದು ಅದೇ ಮೊದಲು. ಇತ್ತ ಸೇಡಿಗೆ ಅಮೆರಿಕದ ಬಾಂಬು ಬೀಳಲು ಶುರುವಾದ ಮೇಲೆ ಮಸೀದಿಯ ಕಡೆಯ ಹುಡುಗರು ಬಂದು, ಆ ಚಿತ್ರ ತೆಗೀರಿ ಚಾಚಾ, ನೋಡೋಕೆ ಚೆನ್ನಾಗಿಲ್ಲ ಎಂದರು. ಆ ಚಿತ್ರದಲ್ಲಿರುವವರು ಬಾಂಬು ಹಾಕಿದವರಲ್ಲ, ರೇಟು ಕೂಗುವವರು ಎಂದು ಅವರಿಗೂ ಬೈದು ಕಳಿಸಿದರು. ಇರಾಕಿನ ಯುದ್ಧ ಬೇಡ ಎಂದು ಊರಲ್ಲಿ ಮೆರವಣಿಗೆ ಹೊರಟಾಗ ಅದೇ ಹುಡುಗರ ಜೊತೆ ಮುಂದಿನ ಸಾಲಿನಲ್ಲಿ ನಡೆದರು. ಯಾರೂ ನೋಡದ ಮಾಲಿಗೆ ಇಡೀ ದೇಶ ಕೂಗಿತಲ್ಲ ಎಂದು ವಾಪಸ್ ಬಂದು ನನ್ನ ಹತ್ತಿರ ಗೊಣಗಿದರು. ಅಲ್ಲಿದೆ ಎಂದ ಆಯುಧ ಆಮೇಲೂ ಸಿಗಲಿಲ್ಲ, ಎಲ್ಲರಿಗೂ ಗೊತ್ತು. ಎರಡೂ ಕಡೆಯವರಿಗೆ ಬೇಡವಾಗುವುದು ಹೇಗೆ ಎಂದು ತಿಳಿಯಬೇಕಾದರೆ ಆ ವರ್ಷಗಳಲ್ಲಿ ಚಾಚಾನನ್ನು ನೋಡಬೇಕಿತ್ತು.

ಹರಾಜು ನಿಂತ ಆ ದಿನ ನಾನು ಮಂಡಿಯಲ್ಲೇ ಇದ್ದೆ. ಕಾಲೇಜಿಗೆ ರಜೆ, ಚಾಚಿ ಕೊಟ್ಟ ಊಟದ ಡಬ್ಬಿ ಕೊಟ್ಟು ಬರೋಣ ಎಂದು ಹೋದವಳು. ಸುಗ್ಗಿಯ ನಡುಗಾಲ. ಕಾವಲ್ ಕಡೆಯ ರೈತನೊಬ್ಬ ಚೀಲ ಇಳಿಸಿದ್ದ. ಹೆಗಲ ಮೇಲೆ ಕರಿ ಕಂಬಳಿ, ಮೊದಲು ಕುರಿ ಕಾಯುತ್ತಿದ್ದ ಮನೆತನ, ಈಗ ಎರಡೆಕರೆ ಶೇಂಗಾ. ಹತ್ತು ವರ್ಷದಿಂದ ಚಾಚಾನ ಮಂಡಿ ಬಿಟ್ಟು ಬೇರೆಡೆ ಹೋದವನಲ್ಲ. ಚಾಚಾ ತೋಳು ಮಡಚಿ ಹತ್ತಿದರು. ಕೂಗಿದರು. ನಾಲ್ಕೂ ಮಿಲ್ಲಿನವರು ಎದುರಿಗೇ ಇದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ಮತ್ತೆ ಕೂಗಿದರು. ಯಜಮಾನರು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ ಆಕಾಶ ನೋಡುತ್ತಿದ್ದರು. ಅಷ್ಟೊಂದು ಜನ ಸುಮ್ಮನೆ ನಿಂತಿದ್ದಾಗ ಒಂದೇ ಗಂಟಲು ಕೂಗುವುದು ಎಷ್ಟು ಭಯಂಕರ ಅಂತ ನನಗೆ ಆವತ್ತು ಗೊತ್ತಾಯಿತು.

ಅರ್ಧ ಗಂಟೆ ಕೂಗಿರಬೇಕು. ದನಿ ಒಡೆದು ಬರೀ ಗಾಳಿ ಬರುತ್ತಿತ್ತು. ಆಗ ಯಜಮಾನರು ತಮ್ಮ ಹೆಗಲಿನ ಟವೆಲ್ ತೆಗೆದು, ಕೊಡವಿ, ತಮ್ಮ ಬಲಗೈ ಮೇಲೆ ಹಾಕಿಕೊಂಡು ಕೈ ಚಾಚಿದರು. ಚಾಚಾ ರೈತನ ಕಡೆ ನೋಡಿದರು. ಹೋಗು, ಮಾಲು ವಾಪಸ್ ತಗೊಂಡು ಹೋಗು, ನಾಳೆ ನೋಡೋಣ ಎಂದು ಹೇಳುವವರಿದ್ದರೋ ಏನೋ. ಆ ಮನುಷ್ಯ ಚಾಚಾನಿಗಿಂತ ಮೊದಲೇ ಮಾತಾಡಿದ. "ಹಾಕ್ರಿ ಸಾಬ್ರೇ ಕೈಯ. ಎಲ್ಲಾದ್ರೂ ಒಂದು ರೇಟಾಗ್ಲಿ. ಹೊತ್ತಾತು, ನಂಗೆ ಬಸ್ಸೈತೆ."

ಚಾಚಾ ಚೀಲದಿಂದ ಇಳಿದರು. ಮಡಚಿದ್ದ ತೋಳನ್ನು ಮಣಿಕಟ್ಟಿನವರೆಗೂ ಬಿಚ್ಚಿ ಗುಂಡಿ ಹಾಕಿಕೊಂಡರು. ಟವೆಲಿನ ಕೆಳಗೆ ಕೈ ಇಟ್ಟರು.

ಮನೆಗೆ ಬಂದ ಮೇಲೆ ಚಾಯ್‌ಗೆ ಕೂಗಲಿಲ್ಲ. ನಾನೇ ಇಳಿದು ಹೋದೆ. ಕಮ್ಮಿ ರೇಟಿಗೆ ಕೊಡಬೇಕಾಯಿತಾ ಚಾಚಾ ಎಂದು ಮೆಲ್ಲಗೆ ಕೇಳಿದೆ. ಇಲ್ಲ, ಜಾಸ್ತಿ ಎಂದರು. ನನಗೆ ಅರ್ಥವಾಗಲಿಲ್ಲ. ಆ ಅರ್ಧ ಗಂಟೆ ತಾವು ಕೂಗುತ್ತಿದ್ದದ್ದಕ್ಕಿಂತ ಜಾಸ್ತಿಗೆ ಯಜಮಾನರು ಬೆರಳು ಹಿಡಿದರಂತೆ. ರೈತ ಕುಣಿಯುತ್ತಾ ಬಸ್ ಹತ್ತಿದನಂತೆ, ಹೋಗುವಾಗ ಬೇರೆ ಗಾಡಿಯವರಿಗೆಲ್ಲ ಹೇಳುತ್ತಾ ಹೋದನಂತೆ. ಒಳ್ಳೆಯದೇ ಆಯಿತಲ್ಲ ಎಂದೆ, ಎಂಥ ಪೆದ್ದಿ ನಾನು. ಚಾಚಾ ನನ್ನ ಮುಖ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅವರು ಹೆದರಿದ್ದನ್ನು ನಾನು ಕಂಡದ್ದು ಆವತ್ತೇ.

"ಕತ್ಲಾಗೆ ಕೊಡೋ ಮೊದಲನೇ ರೇಟು ಯಾವತ್ತೂ ಚೆನ್ನಾಗಿರ್ತದೆ ಟೀಚರಮ್ಮ. ಜನ ತಾವಾಗೇ ಟವೆಲ್ ಕೇಳ್ಬೇಕಲ್ಲ, ಅದಕ್ಕೆ."

ಹಾಗೇ ಆಯಿತು. ಆ ಸುಗ್ಗಿ ಮುಗಿಯುವುದರೊಳಗೆ ರೈತರೇ, ಕೂಗಾಟ ಯಾಕೆ ಸಾಬ್ರೇ, ಒಳಗೇ ಮುಗಿಸಿ ಎನ್ನತೊಡಗಿದರು. ಮುಂದಿನ ಸುಗ್ಗಿಗೆ ರೇಟು ಇಳಿಯಿತು. ಅದರ ಮುಂದಿನ ವರ್ಷ ಇನ್ನೂ ಇಳಿಯಿತು. ಅಷ್ಟರಲ್ಲಿ ಕೇಳುವುದಕ್ಕೆ ಬಾಯಿ ಉಳಿದಿರಲಿಲ್ಲ. ಎಷ್ಟಾಯಿತು ಎಂದು ಪಕ್ಕದವನಿಗೆ ಗೊತ್ತಿಲ್ಲ, ಪಕ್ಕದವನಿಗೆ ಎಷ್ಟು ಕೊಟ್ಟರು ಎಂದು ಇವನಿಗೆ ಗೊತ್ತಿಲ್ಲ. ಪ್ರತಿಯೊಬ್ಬನೂ ತನಗೆ ಮಾತ್ರ ಸ್ವಲ್ಪ ಹೆಚ್ಚು ಸಿಕ್ಕಿರಬೇಕು ಎಂದು ಒಳಗೊಳಗೇ ಖುಷಿಪಡುತ್ತಿದ್ದ. ಜನರನ್ನು ಆಳುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಯಾವ ಪಠ್ಯಪುಸ್ತಕದಲ್ಲೂ ಓದಿಲ್ಲ. ಚಾಚಾ ಮಂಡಿ ಮುಚ್ಚಿದರು. ಚಿತ್ರವನ್ನು ಮನೆಗೆ ತಂದು ನಡುಮನೆಯಲ್ಲಿ ಹಾಕಿದರು.

ಸುಮ್ಮನೆ ಕೂರುವ ಜೀವ ಅಲ್ಲವಲ್ಲ ಅದು. ಬೆಳಗ್ಗೆ ಎದ್ದು ಬಳ್ಳಾರಿ, ಕರ್ನೂಲು, ಹಿಂದೂಪುರ ಅಂತ ಗೊತ್ತಿದ್ದ ದಲ್ಲಾಳಿಗಳಿಗೆಲ್ಲ ಫೋನ್ ಮಾಡಿ ಅಲ್ಲಲ್ಲಿಯ ಶೇಂಗಾ ರೇಟು ತಿಳಿದುಕೊಳ್ಳುತ್ತಿದ್ದರು. ಮನೆಯ ಜಗಲಿ ಮೇಲೆ ಕೂತು, ಮಂಡಿಗೆ ಹೋಗುವ ಗಾಡಿ ಟ್ರಾಕ್ಟರ್‌ಗಳಿಗೆ ಉಳಿದಷ್ಟು ದನಿಯಲ್ಲಿ ಅದನ್ನು ಕೂಗುತ್ತಿದ್ದರು. ಕೆಲವರು ನಿಂತು ಕೇಳುತ್ತಿದ್ದರು. ಬಹಳ ಜನ ವಯಸ್ಸಾಯಿತು ಸಾಬ್ರಿಗೆ ಎಂದು ನಕ್ಕು ಹೋಗುತ್ತಿದ್ದರು. ಚಾಚಿಗೆ ನಾಚಿಕೆ. ಒಳಗೆ ಬನ್ನಿ ಎಂದು ಪರದೆಯ ಹಿಂದಿನಿಂದ ಕರೆಯುತ್ತಲೇ ಇರುತ್ತಿದ್ದರು.

ಎರಡು ಸಾವಿರದ ಎಂಟರಲ್ಲಿ ಅಮೆರಿಕದ ದೊಡ್ಡ ದೊಡ್ಡ ಬ್ಯಾಂಕುಗಳು ಒಂದರ ಮೇಲೊಂದು ಕುಸಿದವು. ಅದೇನು ಮಾರಿದರು, ಯಾಕೆ ಮುಳುಗಿದರು ಎಂದು ಅವರಿಗೆ ವಿವರಿಸಲು ನನಗೆ ನಾಲ್ಕು ಸಂಜೆ ಹಿಡಿಯಿತು. ತೀರಿಸಲಾಗದವರಿಗೆ ಮನೆಯ ಸಾಲ ಕೊಟ್ಟರು, ಆ ಸಾಲಗಳನ್ನು ಕಟ್ಟು ಕಟ್ಟಿ ಬೇರೆಯವರಿಗೆ ಮಾರಿದರು, ಅವರು ಇನ್ನೊಬ್ಬರಿಗೆ ಮಾರಿದರು ಎಂದೆ. ಕಟ್ಟು ಬಿಚ್ಚಿ ಮಾಲು ನೋಡಿದವರು ಯಾರು ಎಂದರು. ಯಾರೂ ಇಲ್ಲ ಎಂದೆ. ಮೊದಮೊದಲು ಮನೆ ಸಿಕ್ಕವರೆಲ್ಲ ಖುಷಿಯಾಗಿದ್ದರಾ ಎಂದರು. ಬಹಳ ಖುಷಿಯಾಗಿದ್ದರು ಚಾಚಾ ಎಂದೆ. ತಲೆಯಾಡಿಸಿದರು. ಎದ್ದು ಹೋಗಿ ಆ ಚಿತ್ರದ ಧೂಳು ಒರೆಸಿದರು. ಷಿಕಾಗೋದ ಆ ಸಭಾಂಗಣದಲ್ಲೂ ಈಗ ಕೂಗುವವರು ಕಮ್ಮಿಯಾಗುತ್ತಿದ್ದಾರೆ, ವ್ಯಾಪಾರವೆಲ್ಲ ಕಂಪ್ಯೂಟರಿಗೆ ಹೋಗುತ್ತಿದೆ ಎಂದು ನಾನು ಓದಿದ್ದ ಸುದ್ದಿಯನ್ನು ಮಾತ್ರ ಅವರಿಗೆ ಹೇಳಲಿಲ್ಲ. ಹೇಳಲು ಮನಸ್ಸು ಬರಲಿಲ್ಲ.

ನವೆಂಬರಿನಲ್ಲಿ ಅಲ್ಲಿ ಮತ್ತೆ ಚುನಾವಣೆ. ಆ ಬೆಳಗ್ಗೆ ನಾನು ರಜೆ ಹಾಕಿ ಟಿವಿ ಮುಂದೆ ಕೂತಿದ್ದೆ. ಕಪ್ಪು ಬಣ್ಣದ ಮನುಷ್ಯ ಗೆದ್ದಾಗ ಎದ್ದು ಕುಣಿದೆ, ನಾಚಿಕೆಯಿಲ್ಲದೆ ಅತ್ತೆ. ಚಾಚಿ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದರು. ಸೋತವನು ಫೋನ್ ಮಾಡಿದ ಎಂದೂ ಬಂತು, ನೋಡಿ ಚಾಚಾ ನಿಮ್ಮ ಫೋನ್ ಎಂದೆ. ಅವರ ಆರೋಗ್ಯ ಆಗಲೇ ಕೆಟ್ಟಿತ್ತು, ಉಸಿರಾಟದ ತೊಂದರೆ, ದಿಂಬಿಗೆ ಒರಗಿ ಕೂತಿದ್ದರು. ಸೋತವನು ವೇದಿಕೆ ಮೇಲೆ ನಿಂತು ಗೆದ್ದವನನ್ನು ಹೊಗಳುತ್ತಿದ್ದ. ಒಳ್ಳೆಯ ಮಾತು, ಗಂಡಸಿನ ಹಾಗೆ ಆಡಿದ. ಅವನೆದುರು ನಿಂತಿದ್ದ ಜನ ಗೆದ್ದವನ ಹೆಸರು ಕೇಳುತ್ತಲೇ ಊ ಎಂದು ಹೀಯಾಳಿಸಿ ಕೂಗಿದರು. ಅವನು ಎರಡೂ ಕೈ ಎತ್ತಿ ಬೇಡ ಬೇಡ ಎಂದ. ನನಗೆ ಅದೊಂದು ಸಣ್ಣ ಗದ್ದಲ, ಮುಂದಕ್ಕೆ ಹೋಯಿತು. ಚಾಚಾನ ಕಣ್ಣು ಅಲ್ಲೇ ನಿಂತಿತು.

"ಅವನು ಸೋತೆ ಅಂತ ಒಪ್ಕೊಂಡ. ಆ ಜನ ಒಪ್ಕೊಂಡಿಲ್ಲ ಟೀಚರಮ್ಮ. ಈಗ ಮನೆಗೆ ಹೋಗ್ತಾ ಅವರು ಏನ್ ಮಾತಾಡ್ಕೊಂತಾರೆ?"

ಒಂದು ದಿನವಾದರೂ ಖುಷಿಯಾಗಿರಲು ಬಿಡಬಾರದಾ ಚಾಚಾ ಎಂದು ರೇಗಿದೆ. ನಕ್ಕು ಕೈ ಬೀಸಿದರು. ಆ ಪ್ರಶ್ನೆಗೆ ನಾನು ಇವತ್ತಿಗೂ ಉತ್ತರ ಹುಡುಕುತ್ತಿದ್ದೇನೆ. ಅಮೆರಿಕದ ಪಾಠ ಶುರುಮಾಡಿದಾಗಲೆಲ್ಲ ಮೊದಲು ಆ ಪ್ರಶ್ನೆಯನ್ನೇ ಹಲಗೆಯ ಮೇಲೆ ಬರೆಯುತ್ತೇನೆ. ರಾಜ್ಯಶಾಸ್ತ್ರವನ್ನು ನನಗೆ ವಿಶ್ವವಿದ್ಯಾಲಯ ಕಲಿಸಿತು ನಿಜ. ಪ್ರಜಾಪ್ರಭುತ್ವಕ್ಕೆ ಏನಾದೀತೋ ಎಂದು ಹೆದರುವುದನ್ನು ಕಲಿಸಿದವರು ಈ ಮನುಷ್ಯ, ಆ ಋಣ ತೀರುವಂಥದ್ದಲ್ಲ.

ಮುಂದಿನ ಜನವರಿಯ ಚಳಿಯಲ್ಲಿ ಚಾಚಾ ತೀರಿಹೋದರು. ಮಿಲ್ಲು ಬೀದಿ ಪೂರ್ತಿ ಬಂದಿತ್ತು, ದೊಡ್ಡ ಮಿಲ್ಲಿನ ಯಜಮಾನರೂ ಬಂದು ಕಣ್ಣೊರೆಸಿಕೊಂಡರು. ನಾಟಕ ಎನ್ನಲಾರೆ, ಅವರಿಗೂ ನಿಜವಾಗಿ ದುಃಖವಾಗಿರಬೇಕು. ಮಣ್ಣು ಮಾಡಿ ಬಂದ ಮಾರನೇ ದಿನ ನಾನು ಚಾಚಿಯ ಜೊತೆ ಒಳಗೆ ಕೂತಿದ್ದೆ. ಹೊರಗೆ ಯಾರೋ ಕೆಮ್ಮಿದರು. ನೋಡಿದರೆ ಕಾವಲ್ ಕಡೆಯ ಅದೇ ಕಂಬಳಿಯ ರೈತ. ಆವತ್ತು ಬಸ್ಸಿದೆ ಎಂದು ಅವಸರ ಮಾಡಿದ್ದವನು. ಸಾಬ್ರು ಹೋದ ಸುದ್ದಿ ಈಗ ಮಂಡಿಯಲ್ಲಿ ಗೊತ್ತಾಯಿತು, ಮಾಲು ಕೊಟ್ಟು ಹಂಗೇ ಬಂದೆ ಎಂದ. ಜಗಲಿಗೆ ತಲೆ ಹಚ್ಚಿ ಕೈ ಮುಗಿದ. ಅವನ ಕಣ್ಣಲ್ಲಿ ನೀರಿತ್ತು. ನನಗೆ ಅವನ ಮೇಲೆ ಅಷ್ಟು ವರ್ಷ ಇಟ್ಟುಕೊಂಡಿದ್ದ ಸಿಟ್ಟು ಎಲ್ಲಿಗೆ ಹೋಯಿತೋ.

ಏನು ಮಾತಾಡಬೇಕೋ ತಿಳಿಯದೆ, ಇವತ್ತು ಶೇಂಗಾ ಎಷ್ಟಕ್ಕೆ ಹೋಯಿತಪ್ಪಾ ಎಂದು ಕೇಳಿದೆ. ಸಾವಿನ ಮನೆಯಲ್ಲಿ ಕೇಳುವ ಮಾತಲ್ಲ. ಆದರೆ ಆ ಮನೆಯಲ್ಲಿ ದಿನಾ ಬೆಳಗ್ಗೆ ಕೇಳುತ್ತಿದ್ದ ಮಾತು ಅದೇ. ಒಳಗೆ ಪರದೆಯ ಹಿಂದೆ ಚಾಚಿಯೂ ಅಳು ನಿಲ್ಲಿಸಿದ್ದು ನನಗೆ ಗೊತ್ತಾಯಿತು.

ಆ ಮನುಷ್ಯ ಬೀದಿಯ ಆ ಕಡೆ ನೋಡಿದ, ಈ ಕಡೆ ನೋಡಿದ. ಜಗಲಿಯ ಹತ್ತಿರಕ್ಕೆ ಬಂದು ತಗ್ಗಿದ ದನಿಯಲ್ಲಿ ಹೇಳಿದ:

"ಹೊರಗೆ ಹೇಳ್ಬಾರ್ದು ಅಂದವ್ರೆ ಅವ್ವ."